ಲಾವೋಸ್‌ನಲ್ಲಿ ಫ್ರೆಂಚರಿಗೆ ಏನು ಕೆಲಸ ಇತ್ತು?

ಬ್ಯಾಗ್‌ಹೊತ್ತ_ಭಟ್ಟ · ಶನಿವಾರ ರಾತ್ರಿ 9:12

ಹೋದ ತಿಂಗಳು ಲಾವೋಸ್ ಸುತ್ತಿ ಬಂದೆ. ದೇಶದ ದಕ್ಷಿಣ ತುದಿಯಲ್ಲಿ, ಕಾಂಬೋಡಿಯಾ ಗಡಿ ಹತ್ತಿರ, ಮೆಕಾಂಗ್ ನದಿ ಚೂರುಚೂರಾಗಿ ಒಡೆದು ಎಲ್ಲಿ ನೋಡಿದರೂ ದ್ವೀಪ. ಸಿ ಫನ್ ಡೋನ್ ಅಂತ ಹೆಸರು, ಅಂದರೆ ನಾಲ್ಕು ಸಾವಿರ ದ್ವೀಪ. ಅದರಲ್ಲಿ ಡೋನ್ ಖೋನ್ ಅನ್ನುವ ಒಂದು ದ್ವೀಪದಲ್ಲಿ ಬಾಡಿಗೆ ಸೈಕಲ್ ತುಳಿಯುತ್ತಾ ಹೋಗುತ್ತಿದ್ದೆ. ಗದ್ದೆ, ತೆಂಗು, ಕೆಸರಲ್ಲಿ ಬಿದ್ದುಕೊಂಡ ಎಮ್ಮೆ. ನಮ್ಮೂರೇ ಅನ್ನಿಸುವ ಹೊತ್ತಿಗೆ ಒಂದು ಮಾಡಿನ ಕೆಳಗೆ ರೈಲು ಎಂಜಿನ್! ತುಕ್ಕು ಹಿಡಿದ ಪುಟ್ಟ ಉಗಿಬಂಡಿ. ಇಂಥ ದ್ವೀಪದಲ್ಲಿ ರೈಲು ಯಾರಿಗೆ ಬೇಕಿತ್ತು? ಸ್ವಲ್ಪ ದೂರದಲ್ಲಿ ಫ್ರೆಂಚರ ಕಾಲದ ಸೇತುವೆ. ದಾಟಲು ಟಿಕೆಟ್ ಬೇರೆ.

ಬೆಳಿಗ್ಗೆ ತಿಂಡಿಗೆ ಉದ್ದನೆ ಫ್ರೆಂಚ್ ಬ್ರೆಡ್ಡು, ಸಂಜೆ ಮರದ ನೆರಳಲ್ಲಿ ಹಿರಿಯರು ಕಬ್ಬಿಣದ ಗುಂಡು ಎಸೆದು ಆಡುವ ಪೆಟಾಂಕ್ ಆಟ. ಗೈಡ್ ಹುಡುಗನನ್ನು ಕೇಳಿದೆ. "ಫ್ರೆಂಚರು ಇಲ್ಲಿ ಜಾಸ್ತಿ ಏನೂ ಮಾಡಲಿಲ್ಲ, ಬ್ರೆಡ್ ಕೊಟ್ಟು ಹೋದರು" ಅಂತ ನಕ್ಕುಬಿಟ್ಟ.

1893ರಿಂದ 1953. ಭರ್ತಿ ಅರವತ್ತು ವರ್ಷ. ಏನೂ ಮಾಡದೆ ಇಷ್ಟು ವರ್ಷ ಯಾಕೆ ಕೂತಿದ್ದರು? ಗೊತ್ತಿರುವವರು ಹೇಳಿ.

ಹಳೇ_ಮೇಷ್ಟ್ರು · ಶನಿವಾರ ರಾತ್ರಿ 10:40

ಭಟ್ಟರೇ, ನೀವು ನೋಡಿದ ಆ ರೈಲೇ ನಿಮ್ಮ ಪ್ರಶ್ನೆಗೆ ಉತ್ತರ.

ಫ್ರೆಂಚರಿಗೆ ಬೇಕಾಗಿದ್ದು ಲಾವೋಸ್ ಅಲ್ಲ, ಚೀನಾ. 1860ರ ದಶಕದಲ್ಲಿ ಸೈಗಾನ್ ಅವರ ಕೈಗೆ ಬಂತು. ಮೆಕಾಂಗ್ ಸಮುದ್ರ ಸೇರುವುದು ಆ ಕಡೆಯೇ. ಇದೇ ನದಿ ಹಿಡಿದು ಮೇಲಕ್ಕೆ ಹೋದರೆ ಚೀನಾದ ಯುನ್ನಾನ್ ಪ್ರಾಂತ, ಅಲ್ಲಿನ ವ್ಯಾಪಾರ ಎಲ್ಲ ನಮ್ಮದೇ ಅಂತ ಲೆಕ್ಕ ಹಾಕಿದರು. 1866ರಲ್ಲಿ ದುದಾರ್ ದ ಲಾಗ್ರೇ, ಫ್ರಾನ್ಸಿಸ್ ಗಾರ್ನಿಯೆ ಇದ್ದ ತಂಡ ದೋಣಿ ಹತ್ತಿತು. ಎರಡು ವರ್ಷ ಅಲೆದರು. ನಾಯಕ ಲಾಗ್ರೇ ಯುನ್ನಾನಿನಲ್ಲೇ ಕಾಯಿಲೆಯಿಂದ ಸತ್ತ. ತಂಡ ಹೊತ್ತು ತಂದ ಸುದ್ದಿ ಇಷ್ಟೇ: ಈ ನದಿಯಲ್ಲಿ ಹಡಗು ಹೋಗುವುದಿಲ್ಲ. ದೊಡ್ಡ ಅಡ್ಡಿ ಖೋನ್ ಜಲಪಾತ. ಎತ್ತರ ಹೆಚ್ಚಿಲ್ಲ, ಇಪ್ಪತ್ತು ಮೀಟರಿನ ಆಸುಪಾಸು. ಆದರೆ ಅಗಲ ಹತ್ತು ಕಿಲೋಮೀಟರಿಗೂ ಜಾಸ್ತಿ. ಬದಿಯಿಂದ ನುಸುಳಿಕೊಂಡು ಹೋಗಲು ದಾರಿಯೇ ಇಲ್ಲ.

ಆದರೂ ಆಸೆ ಬಿಡಲಿಲ್ಲ. ನೀರಲ್ಲಿ ಹೋಗದ ಹಡಗನ್ನು ನೆಲದ ಮೇಲೆ ಒಯ್ದರೆ? 1893ರಲ್ಲಿ ಡೋನ್ ಖೋನ್ ದ್ವೀಪದ ಮೇಲೆ ಹಳಿ ಹಾಸಿದ್ದು ಅದಕ್ಕೇ. ಜಲಪಾತದ ಕೆಳಗೆ ತೋಪಿನ ದೋಣಿಗಳನ್ನು ಗಾಡಿಗೆ ಏರಿಸಿ, ದ್ವೀಪದ ಉದ್ದಕ್ಕೂ ಎಳೆದು, ಮೇಲಿನ ನೀರಿಗೆ ಇಳಿಸಿದರು. ಆಮೇಲೆ ಆ ಸೇತುವೆ ಕಟ್ಟಿ ಪಕ್ಕದ ಡೋನ್ ಡೆಟ್ ದ್ವೀಪಕ್ಕೂ ಹಳಿ ಚಾಚಿದರು. ಒಟ್ಟು ಏಳು ಕಿಲೋಮೀಟರ್. 2009ರಲ್ಲಿ ಥಾಯ್ ಗಡಿಯಿಂದ ಒಂದು ಗೇಣುದ್ದದ ರೈಲು ಮಾರ್ಗ ಒಳಗೆ ಬರುವ ತನಕ ಇಡೀ ಲಾವೋಸ್ ದೇಶ ಕಂಡ ರೈಲು ಅದೊಂದೇ!

ಚೀನಾಕ್ಕೆ ದಾರಿ ಸಿಗಲಿಲ್ಲ. ದಾರಿಗೆ ಅಂತ ಹಿಡಿದ ದೇಶ ಮಾತ್ರ ಕೈಯಲ್ಲಿ ಉಳಿಯಿತು.

ಪ್ರಶ್ನೆಪತ್ರಿಕೆ · ಶನಿವಾರ ರಾತ್ರಿ 11:05

ಮೇಷ್ಟ್ರು ಒಂದು ಕಡೆ ಮಾತ್ರ ಹೇಳಿದರು. ಫ್ರೆಂಚರು ಬರದಿದ್ದರೆ ಇವತ್ತು ಲಾವೋಸ್ ಅನ್ನುವ ದೇಶವೇ ಇರುತ್ತಿರಲಿಲ್ಲ. ಸಯಾಮಿನವರು, ಅಂದರೆ ಈಗಿನ ಥಾಯ್ಲೆಂಡಿನವರು, ನುಂಗಿಬಿಡುತ್ತಿದ್ದರು. ಲುವಾಂಗ್ ಪ್ರಬಾಂಗಿನ ರಾಜನ ಜೀವ ಉಳಿಸಿದ್ದೇ ಒಬ್ಬ ಫ್ರೆಂಚ್ ಅಧಿಕಾರಿ. ವಸಾಹತು ಅಂದ ಕೂಡಲೇ ಬೈಯಬೇಕು ಅಂತ ಏನಿಲ್ಲ.

ಹಳೇ_ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:20

ಬೈದಿಲ್ಲಪ್ಪಾ. ರಾತ್ರಿ ನಿದ್ದೆ ಬಂತು, ಅಷ್ಟೇ. ನೀವು ಹೇಳಿದ ಕಥೆಯಲ್ಲಿ ನಿಜ ಇದೆ. ಪೂರ್ತಿ ಹೇಳೋಣ.

ಹಿಂದೆ ಲಾನ್ ಸಾಂಗ್ ಅಂತ ಒಂದು ದೊಡ್ಡ ಲಾವೊ ರಾಜ್ಯ ಇತ್ತು. ಹತ್ತು ಲಕ್ಷ ಆನೆಗಳ ನಾಡು ಅಂತ ಅರ್ಥ. 1353ರಲ್ಲಿ ಫಾ ಙುಮ್ ಅನ್ನುವ ರಾಜ ಕಟ್ಟಿದ್ದು. ಹದಿನೆಂಟನೇ ಶತಮಾನದ ಶುರುವಿನಲ್ಲಿ ದಾಯಾದಿ ಜಗಳದಲ್ಲಿ ಮೂರು ಹೋಳಾಯಿತು: ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್, ಚಂಪಾಸಕ್. ಹೋಳಾದ ಮೇಲೆ ಕೇಳಬೇಕೇ, ಮೂರೂ ಸಯಾಮಿನ ಕೈಕೆಳಗೆ ಬಂದವು. 1779ರಲ್ಲಿ ಸಯಾಮಿ ಸೈನ್ಯ ವಿಯೆಂಟಿಯಾನಿನಿಂದ ಪಚ್ಚೆ ಬುದ್ಧನನ್ನು ಹೊತ್ತುಕೊಂಡು ಹೋಯಿತು. ಬ್ಯಾಂಕಾಕಿಗೆ ಹೋದವರೆಲ್ಲ ಕೈಮುಗಿದು ಬರುವುದು ಅದಕ್ಕೇ. ರಾಜ ಅನುವೊಂಗ್ 1826ರಲ್ಲಿ ತಿರುಗಿಬಿದ್ದ, ಸೋತ. ವಿಯೆಂಟಿಯಾನನ್ನು ಸುಟ್ಟು ನೆಲಸಮ ಮಾಡಿದರು. ಊರಿನ ಜನರನ್ನು ಗುಂಪುಗುಂಪಾಗಿ ನದಿ ದಾಟಿಸಿ ಆಚೆ ದಡಕ್ಕೆ ಸಾಗಿಸಿದರು. ಲಾಗ್ರೇ ತಂಡ ಅಲ್ಲಿಗೆ ಹೋದಾಗ ಕಂಡದ್ದು ಕಾಡು ಬೆಳೆದ ಪಾಳುಬಿದ್ದ ರಾಜಧಾನಿ.

ಇನ್ನು ಆ ಅಧಿಕಾರಿ ಅಗಸ್ಟ್ ಪಾವಿ. ಮೊದಲು ಅಂಚೆ-ತಂತಿ ಇಲಾಖೆಯಲ್ಲಿದ್ದ ಮನುಷ್ಯ. ಕಾಂಬೋಡಿಯಾದಿಂದ ಬ್ಯಾಂಕಾಕಿಗೆ ಟೆಲಿಗ್ರಾಫ್ ತಂತಿ ಎಳೆಸಿದವನು. 1887ರಲ್ಲಿ ಲುವಾಂಗ್ ಪ್ರಬಾಂಗಿಗೆ ಫ್ರೆಂಚರ ವೈಸ್ ಕಾನ್ಸಲ್ ಆಗಿ ಬಂದ. ಅದೇ ವರ್ಷ ಜೂನ್‌ನಲ್ಲಿ ಉತ್ತರದ ಲಾಯ್ ಚೌ ಕಡೆಯ ದೇವೋ ವಾನ್ ಟ್ರಿ ದಂಡು ಕಟ್ಟಿಕೊಂಡು ಊರಿನ ಮೇಲೆ ಬಿದ್ದ. ಅವನಿಗೆ ಸಿಟ್ಟಿದ್ದದ್ದು ಸಯಾಮಿನವರ ಮೇಲೆ. ಅವನ ತಮ್ಮಂದಿರನ್ನು ಒತ್ತೆಯಾಗಿ ಹಿಡಿದುಕೊಂಡು ಹೋಗಿದ್ದರು. ಆದರೆ ಕಾವಲಿಗಿರಬೇಕಾದ ಸಯಾಮಿ ಸೈನ್ಯದ ದೊಡ್ಡ ಭಾಗ ಆಗಲೇ ಹೊರಟುಹೋಗಿತ್ತು. ಊರು ಹೊತ್ತಿ ಉರಿಯಿತು. ಮುದಿ ರಾಜ ಉನ್ ಖಾಮ್‌ನನ್ನು ಪಾವಿ ದೋಣಿಯಲ್ಲಿ ಕೂರಿಸಿಕೊಂಡು ನದಿ ಕೆಳಗೆ ಪಾರು ಮಾಡಿದ. ರಾಜ ಫ್ರೆಂಚರ ಹಂಗಿಗೆ ಬಿದ್ದ. ಪಾವಿ ಆ ಹಂಗನ್ನು ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ.

ಇಷ್ಟಾದರೂ 1893ರಲ್ಲಿ ಕೆಲಸ ಆದದ್ದು ರಾಜನ ಪ್ರೀತಿಯಿಂದ ಅಲ್ಲ. ಜುಲೈ 13ಕ್ಕೆ ಎರಡು ಫ್ರೆಂಚ್ ಯುದ್ಧನೌಕೆಗಳು ಪಾಕ್ನಾಮ್ ಕೋಟೆಯ ಗುಂಡು ಲೆಕ್ಕಿಸದೆ ಬ್ಯಾಂಕಾಕ್ ತನಕ ನುಗ್ಗಿದವು. ರೇವಿಗೆ ದಿಗ್ಬಂಧನ ಬಿತ್ತು. ಅಕ್ಟೋಬರ್ 3ಕ್ಕೆ ಸಯಾಮ್ ಸಹಿ ಹಾಕಿತು: ಮೆಕಾಂಗಿನ ಎಡದಡ ಫ್ರೆಂಚರಿಗೆ.

ಮೆಕಾಂಗ್_ಮೀನು · ಭಾನುವಾರ ಬೆಳಿಗ್ಗೆ 8:55

ನಾನು ಕೆಲಸದ ಮೇಲೆ ನಾಲ್ಕು ವರ್ಷ ಥಾಯ್ಲೆಂಡಿನ ಉಡೊನ್ ಥಾನಿಯಲ್ಲಿದ್ದೆ. ವೀಸಾ ಕೆಲಸಕ್ಕೆ ಅಂತ ನದಿ ದಾಟಿ ವಿಯೆಂಟಿಯಾನಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ.

ಆ "ಎಡದಡ" ಅನ್ನುವ ಪದ ನೋಡಿ. ಅದರಲ್ಲೇ ಎಲ್ಲ ಇದೆ. ಲಾವೊ ಜನರಿಗೆ ಮೆಕಾಂಗ್ ಗಡಿ ಅಲ್ಲ, ಊರ ನಡುವಿನ ಬೀದಿ ಇದ್ದ ಹಾಗೆ. ಈಚೆ ಮನೆ, ಆಚೆ ಗದ್ದೆ. ಮಗಳನ್ನು ಆಚೆ ಕೊಡುವುದು, ಸೊಸೆಯನ್ನು ಈಚೆ ತರುವುದು. ಫ್ರೆಂಚರು ಮತ್ತು ಸಯಾಮಿನವರು ಕೂತು ಆ ಬೀದಿ ಮಧ್ಯೆ ಗೆರೆ ಎಳೆದರು. ಇವತ್ತು ಲಾವೋಸಿನ ಒಟ್ಟು ಜನ ಮುಕ್ಕಾಲು ಕೋಟಿಯ ಆಸುಪಾಸು. ನದಿಯಾಚೆ ಇಸಾನ್ ಸೀಮೆಯಲ್ಲಿ ಎರಡು ಕೋಟಿಗೂ ಮೇಲೆ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರು ಲಾವೊ ಮೂಲದವರು. ನನ್ನ ಆಫೀಸಿನ ಹುಡುಗಿಯರು ಬಾಸ್ ಎದುರು ಥಾಯ್ ಮಾತಾಡುತ್ತಿದ್ದರು, ಊಟಕ್ಕೆ ಕೂತಾಗ ಲಾವೊ. ಅಂಟಕ್ಕಿ ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಮೀನಿನ ಚಟ್ನಿಗೆ ಅದ್ದುವಾಗ ಥಾಯ್ ಬಾಯಿಗೆ ಬರುವುದೇ ಇಲ್ಲ ಅಂತ ಒಬ್ಬಳು ಹೇಳಿದ್ದಳು.

ಹಾಗಾಗಿ "ಫ್ರೆಂಚರು ಲಾವೋಸನ್ನು ಉಳಿಸಿದರು" ಅನ್ನುವುದಾದರೆ, ಕಾಲು ಭಾಗ ಉಳಿಸಿದರು ಅನ್ನಿ.

ಪ್ರಶ್ನೆಪತ್ರಿಕೆ · ಭಾನುವಾರ ಬೆಳಿಗ್ಗೆ 9:10

ಕಾಲು ಭಾಗವಾದರೂ ಉಳಿಯಿತಲ್ಲ ಸಾರ್. 1904 ಮತ್ತು 1907ರ ಒಪ್ಪಂದಗಳೂ ಇವೆ. 1904ರಲ್ಲಿ ಬಲದಡದ ಸಾಯಾಬುರಿ, ಚಂಪಾಸಕ್ ಭಾಗ ಕೂಡ ಫ್ರೆಂಚರು ಬಿಡಿಸಿಕೊಂಡರು.

ಮೆಕಾಂಗ್_ಮೀನು · ಭಾನುವಾರ ಬೆಳಿಗ್ಗೆ 9:31

ಬಿಡಿಸಿಕೊಂಡರು, ಹೌದು. 1941ರಲ್ಲಿ ಥಾಯ್ಲೆಂಡಿಗೆ ವಾಪಸ್ ಕೊಟ್ಟರು. ಜಪಾನ್ ಮಧ್ಯಸ್ಥಿಕೆ ಮಾಡಿತ್ತು. ಯುದ್ಧ ಮುಗಿದ ಮೇಲೆ ಮತ್ತೆ ತೆಗೆದುಕೊಂಡರು. ಅಲ್ಲಿದ್ದ ಜನರನ್ನು ಒಂದು ಸಲವಾದರೂ ಕೇಳಿದ್ದರಾ?

ಸುಮ್ನೆ_ಓದ್ತೀನಿ · ಭಾನುವಾರ ಬೆಳಿಗ್ಗೆ 10:02

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ, ಸುಮ್ನೆ ಓದ್ತೀನಿ. ಆದರೆ ಒಂದು ಸಂಶಯ. ಅಷ್ಟು ದೊಡ್ಡ ಗುಡ್ಡಗಾಡು ದೇಶ. ರಸ್ತೆ ಇಲ್ಲ, ನದಿಯಲ್ಲಿ ಹಡಗು ಹೋಗಲ್ಲ. ಮತ್ತೆ ಆಳಿದ್ದು ಹೇಗೆ? ಎಷ್ಟು ಜನ ಫ್ರೆಂಚರು ಇದ್ದರು?

ಅಂಕಿಅಂಶ · ಭಾನುವಾರ ಬೆಳಿಗ್ಗೆ 11:48

ಒಳ್ಳೆ ಪ್ರಶ್ನೆ. ತೀರಾ ಕಡಿಮೆ ಜನ. 1940ರಲ್ಲಿ ಕೂಡ ಇಡೀ ದೇಶದಲ್ಲಿ ಇದ್ದ ಫ್ರೆಂಚ್ ನಾಗರಿಕರು ಸುಮಾರು 600. ಹೆಂಡತಿ, ಮಕ್ಕಳು, ಪಾದ್ರಿಗಳು, ವ್ಯಾಪಾರಿಗಳು ಎಲ್ಲ ಸೇರಿ. ಅದರಲ್ಲೂ ಹೆಚ್ಚಿನವರು ವಿಯೆಂಟಿಯಾನಿನಲ್ಲಿ.

ಲುವಾಂಗ್ ಪ್ರಬಾಂಗಿನಲ್ಲಿ ರಾಜನನ್ನು ಕೂರಿಸಿ ಹೆಸರಿಗೆ "ಸಂರಕ್ಷಿತ ರಾಜ್ಯ" ಅಂದರು. ಉಳಿದ ಕಡೆ ನೇರ ಆಳ್ವಿಕೆ, ವಿಯೆಂಟಿಯಾನಿನಲ್ಲಿ ಒಬ್ಬ ಮುಖ್ಯ ರೆಸಿಡೆಂಟ್, ಅಂದರೆ ಫ್ರೆಂಚರ ಮುಖ್ಯ ಆಡಳಿತಾಧಿಕಾರಿ. ಕೆಳಗೆ ಪ್ರಾಂತಕ್ಕೊಬ್ಬ ಫ್ರೆಂಚ್ ಅಧಿಕಾರಿ. ಅವನಿಗೆ ಕಂದಾಯ, ಕೋರ್ಟು, ಪೊಲೀಸು, ರಸ್ತೆ ಎಲ್ಲ ಒಬ್ಬನದೇ ಕೈ. ಕಚೇರಿ ಕೆಲಸಕ್ಕೆ ಲಾವೊ ಜನರಿಗೆ ಓದು ಕಲಿಸುವ ಗೋಜಿಗೆ ಹೋಗಲಿಲ್ಲ. ಪಕ್ಕದ ವಿಯೆಟ್ನಾಂನಿಂದ ಓದಿದವರನ್ನು ಕರೆತಂದರು. ಗುಮಾಸ್ತ, ತಂತಿ ಆಪರೇಟರ್, ಕಂಪೌಂಡರ್, ಮೇಷ್ಟ್ರು, ಪೊಲೀಸಿನವ ಎಲ್ಲ ವಿಯೆಟ್ನಾಮಿನವರೇ. ಅವರ ಹಿಂದೆ ಅಂಗಡಿಯವರು, ಬಡಗಿಗಳು, ದರ್ಜಿಗಳು, ತವರದ ಗಣಿಗೆ ಕೂಲಿಗಳು ಬಂದರು.

1943ರ ಲೆಕ್ಕ ನೋಡಿ ನಾನೇ ಬೆಚ್ಚಿದೆ. ವಿಯೆಂಟಿಯಾನಿನ ಜನರಲ್ಲಿ 53% ವಿಯೆಟ್ನಾಮಿನವರು. ಪಾಕ್ಸೆಯಲ್ಲಿ 62%. ಥಾಖೆಕ್ ಊರಲ್ಲಿ 85%! ದೊಡ್ಡ ಊರುಗಳ ಪೈಕಿ ಲುವಾಂಗ್ ಪ್ರಬಾಂಗ್ ಒಂದರಲ್ಲಿ ಲಾವೊ ಜನ ಹೆಚ್ಚಿದ್ದರು. ಒಬ್ಬ ಲಾವೊ ರೈತ ತನ್ನದೇ ರಾಜಧಾನಿಗೆ ಅರ್ಜಿ ಹಿಡಿದುಕೊಂಡು ಬಂದರೆ ಕಿಟಕಿಯ ಆಚೆ ಕೂತವನಿಗೆ ಅವನ ಭಾಷೆ ಬಾರದು, ಆ ಕಿಟಕಿಯ ಹಿಂದಿನ ಸಾಹೇಬನಿಗಂತೂ ಮೊದಲೇ ಬಾರದು.

ಇನ್ನೂ ವಿಯೆಟ್ನಾಮಿನವರನ್ನು ತಂದು ತುಂಬುವ ಯೋಜನೆ ಇತ್ತು. ಬೆಟ್ಟಸಾಲು ದಾಟಿ ಥಾಖೆಕ್‌ಗೆ ರೈಲು ತರಬೇಕು ಅಂತ ಕೆಲಸವನ್ನೂ ಶುರು ಮಾಡಿದ್ದರು. 1930ರ ದಶಕದ ಹಣದ ಮುಗ್ಗಟ್ಟಿನಲ್ಲಿ ಅದು ನಿಂತಿತು.

ಬ್ಯಾಗ್‌ಹೊತ್ತ_ಭಟ್ಟ · ಭಾನುವಾರ ಮಧ್ಯಾಹ್ನ 12:30

ಅಬ್ಬಾ. ಹಾಗಾದರೆ ಖರ್ಚಿಗೆ ದುಡ್ಡು? ಲಾಭ ಏನಾದರೂ ಇತ್ತಾ?

ಅಂಕಿಅಂಶ · ಭಾನುವಾರ ಮಧ್ಯಾಹ್ನ 1:15

ಲಾಭ ಇರಲಿಲ್ಲ. ಸ್ವಲ್ಪ ತವರ, ಬೋಲವೆನ್ ಪ್ರಸ್ಥಭೂಮಿಯ ಕಾಫಿ, ಕಾಡಿನ ತೇಗ, ಇಷ್ಟೇ. ಕೊರತೆ ಬಿದ್ದದ್ದನ್ನು ಇಂಡೋಚೀನಾದ, ಅಂದರೆ ಫ್ರೆಂಚರು ಆಳುತ್ತಿದ್ದ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಎಲ್ಲದರ ಒಟ್ಟು ಬೊಕ್ಕಸದಿಂದ ತುಂಬುತ್ತಿದ್ದರು. ಅದಕ್ಕೇ "ಫ್ರಾನ್ಸೇ ಲಾವೋಸನ್ನು ಸಾಕಿತು" ಅನ್ನುವವರಿದ್ದಾರೆ.

ಆದರೆ ರೈತನ ಮನೆ ಬಾಗಿಲಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಪ್ರಾಯಕ್ಕೆ ಬಂದ ಪ್ರತಿ ಗಂಡಸಿಗೂ ತಲೆಗಂದಾಯ, ಅದೂ ನಾಣ್ಯದಲ್ಲಿ. ಅಕ್ಕಿ, ಮೇಣ, ಏಲಕ್ಕಿ ಕೊಟ್ಟು ಬದುಕುವ ಹಳ್ಳಿಯಲ್ಲಿ ಬೆಳ್ಳಿ ಪಿಯಾಸ್ಟರ್ ಎಲ್ಲಿಂದ ಬರಬೇಕು? ಅದರ ಮೇಲೆ ಬಿಟ್ಟಿ ಚಾಕರಿ. ವರ್ಷಕ್ಕೆ 10ರಿಂದ 20 ದಿನ ಸರ್ಕಾರದ ಕೆಲಸ ಪುಕ್ಕಟೆ ಮಾಡಬೇಕು. ರಸ್ತೆ ಕಡಿಯುವುದು, ಸಾಹೇಬರ ಸಾಮಾನು ಹೊರುವುದು, ದೋಣಿ ಎಳೆಯುವುದು. ದುಡ್ಡಿದ್ದವನು ದುಡ್ಡು ಕಟ್ಟಿ ತಪ್ಪಿಸಿಕೊಳ್ಳಬಹುದು. ಇಲ್ಲದವನು ಬುತ್ತಿ ಕಟ್ಟಿಕೊಂಡು ನಡೆಯಬೇಕು. ಕೆಲಸದ ಜಾಗಕ್ಕೆ ಹೋಗಿ ಬರುವ ದಾರಿಗೇ ದಿನಗಟ್ಟಲೆ ಬೇಕು. ಅಷ್ಟರಲ್ಲಿ ಸಸಿ ನೆಡುವ ಹದ ಹೋಗಿರುತ್ತದೆ.

ಪ್ರಶ್ನೆಪತ್ರಿಕೆ · ಭಾನುವಾರ ಮಧ್ಯಾಹ್ನ 1:40

ಬಿಟ್ಟಿ ಚಾಕರಿ ಫ್ರೆಂಚರು ಕಂಡುಹಿಡಿದದ್ದಲ್ಲ. ಲಾವೊ ರಾಜರ ಕಾಲದಲ್ಲೂ ಇತ್ತು, ಸಯಾಮಿನವರ ಕಾಲದಲ್ಲೂ ಇತ್ತು.

ಹಳೇ_ಮೇಷ್ಟ್ರು · ಭಾನುವಾರ ಸಂಜೆ 5:30

ಇತ್ತು, ಒಪ್ಪಿದೆ. ಆದರೆ ಹಿಂದಿನ ದೊರೆ ಕರೆದಾಗ ತಪ್ಪಿಸಿಕೊಳ್ಳಲು ದಾರಿ ಇತ್ತು. ಕಾಡು ದೊಡ್ಡದು, ಜನ ಕಡಿಮೆ. ತೀರಾ ಕಾಟ ಕೊಟ್ಟರೆ ಹಳ್ಳಿಗೆ ಹಳ್ಳಿಯೇ ಎದ್ದು ಇನ್ನೊಬ್ಬ ದೊರೆಯ ಹತ್ತಿರ ಹೋಗುತ್ತಿತ್ತು. ಆ ಭಯಕ್ಕೆ ದೊರೆ ಹದ ಮೀರುತ್ತಿರಲಿಲ್ಲ. ಫ್ರೆಂಚರು ತಲೆ ಎಣಿಸಿದರು, ಹೆಸರು ಬರೆದುಕೊಂಡರು, ಗಡಿ ಎಳೆದರು. ಓಡಿಹೋಗುವುದೇ ಅಪರಾಧವಾಯಿತು.

ಬೆಟ್ಟದ ಜನರ ಸ್ಥಿತಿ ಇನ್ನೂ ಕಷ್ಟ. ಬೋಲವೆನ್ ಮೇಲಿನ ಅಲಾಕ್, ಲವೆನ್ ಮುಂತಾದ ಪಂಗಡಗಳನ್ನು ಬಯಲಿನವರು "ಖಾ" ಅಂತ ಕರೆಯುತ್ತಿದ್ದರು. ಆಳು, ಜೀತದವ ಅಂತ ಅರ್ಥ. ಅಲಾಕ್ ಪಂಗಡದ ಓಂಗ್ ಕೇವೊ ಅನ್ನುವವನು ಭಿಕ್ಷುವಿನ ಹಾಗೆ ಬದುಕಿ, ಬೆಟ್ಟದ ಮೇಲೆ ಪೂಜೆ ನಡೆಸಿ, ಜನ ಸೇರಿಸಿದ. ಪುಣ್ಯವಂತ ಪುರುಷ ಬರುತ್ತಾನೆ, ಕಲ್ಲು ಚಿನ್ನವಾಗುತ್ತದೆ ಅನ್ನುವ ಮಾತು ಹಳ್ಳಿಹಳ್ಳಿಗೆ ಹಬ್ಬಿತು. 1901ರಲ್ಲಿ ದಂಗೆ ಎದ್ದಿತು. ನದಿಯ ಎರಡೂ ದಡಕ್ಕೆ ಹಬ್ಬಿತು. ಸಯಾಮಿ ಅಧಿಕಾರಿಗಳಿಗೂ ಅದರ ಬಿಸಿ ತಟ್ಟಿತು.

1902ರ ಏಪ್ರಿಲ್‌ನಲ್ಲಿ ಸವನ್ನಖೆತ್ ಊರಿನ ಫ್ರೆಂಚ್ ಕಚೇರಿಯ ಮುಂದೆ ಜನ ಜಮಾಯಿಸಿದರು. ಸಿಪಾಯಿಗಳ ಗುಂಡು ತಮಗೆ ತಾಗುವ ಹೊತ್ತಿಗೆ ಚಂಪಾ ಹೂವಾಗಿ ಉದುರುತ್ತದೆ ಅಂತ ನಂಬಿ ಬಂದಿದ್ದರು. ಅಲ್ಲಿಯ ಚಂಪಾ ಅಂದರೆ ನಮ್ಮ ಸಂಪಿಗೆ ಅಲ್ಲ, ದೇವಕಣಗಿಲೆ. ದೇವಸ್ಥಾನದ ಅಂಗಳದಲ್ಲಿ ಬೊಡ್ಡೆ ಬೊಡ್ಡೆ ಕೊಂಬೆಯ ಮೇಲೆ ಬಿಡುವ ಬಿಳಿ ಹೂವು. ಗುಂಡು ಹೂವಾಗಲಿಲ್ಲ. ಸುಮಾರು ನೂರೈವತ್ತು ಜನ ಅಲ್ಲೇ ಸತ್ತರು.

ಓಂಗ್ ಕೇವೊ 1910ರಲ್ಲಿ ಸತ್ತ. ಸಂಧಾನಕ್ಕೆ ಅಂತ ಕರೆದು, ದೋಪ್ಲೇ ಅನ್ನುವ ಫ್ರೆಂಚ್ ಅಧಿಕಾರಿ ಕೊಂದ. ಇಬ್ಬರೂ ಆಯುಧ ಇಲ್ಲದೆ ಬರಬೇಕು ಅಂತ ಮಾತಾಗಿತ್ತಂತೆ. ಅಲ್ಲಿಯವರು ಇನ್ನೊಬ್ಬರ ತಲೆ ಮುಟ್ಟುವುದಿಲ್ಲ, ಹಾಗಾಗಿ ಟೋಪಿ ತಡಕಲಿಲ್ಲ. ಪಿಸ್ತೂಲು ಟೋಪಿಯೊಳಗೆ ಇತ್ತು ಅಂತ ಹೇಳುತ್ತಾರೆ. ಅಲ್ಲಿಗೂ ಮುಗಿಯಲಿಲ್ಲ. ಅವನ ಜೊತೆಗಾರ ಕೊಮ್ಮದಾಮ್ ಬೆಟ್ಟ ಹತ್ತಿದ. ತನ್ನ ಜನರಿಗೆ ಅಂತ ಹೊಸ ಲಿಪಿಯನ್ನೇ ಮಾಡಿದ. 1936ರಲ್ಲಿ ಅವನನ್ನು ಕೊಲ್ಲುವ ತನಕ ಫ್ರೆಂಚರಿಗೆ ಆ ಬೆಟ್ಟದಲ್ಲಿ ನೆಮ್ಮದಿ ಇರಲಿಲ್ಲ. ಲೆಕ್ಕ ಹಾಕಿ, ಮೂವತ್ತೈದು ವರ್ಷ. ಲಾವೊಗಳು ಸಾಧು ಜನ, ಫ್ರೆಂಚರನ್ನು ಎದುರಿಸಲೇ ಇಲ್ಲ ಅಂತ ಬರೆಯುವವರು ಈ ಬೆಟ್ಟದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸುಮ್ನೆ_ಓದ್ತೀನಿ · ಭಾನುವಾರ ಸಂಜೆ 6:04

ದೇವಕಣಗಿಲೆ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಮೆಕಾಂಗ್_ಮೀನು · ಭಾನುವಾರ ಸಂಜೆ 6:20

ಈಗ ಅದೇ ಲಾವೋಸಿನ ರಾಷ್ಟ್ರೀಯ ಹೂವು. ಅವರ ವಿಮಾನದ ಬಾಲದ ಮೇಲೂ ಅದರ ಚಿತ್ರ ಇದೆ.

ಅಂಕಿಅಂಶ · ಭಾನುವಾರ ರಾತ್ರಿ 8:10

ಮೇಷ್ಟ್ರು ದಕ್ಷಿಣ ಹೇಳಿದರು, ನಾನು ಉತ್ತರ ಹೇಳುತ್ತೇನೆ. ಅಲ್ಲಿ ಹ್ಮಾಂಗ್ ಜನ. ಎತ್ತರದ ಬೆಟ್ಟಗಳಲ್ಲಿ ಜೋಳ, ಗಸಗಸೆ ಬೆಳೆಯುವವರು. ತೆರಿಗೆ ಕಾಟ ತಾಳಲಾರದೆ 1918ರಲ್ಲಿ ಪಾ ಚಾಯ್ ಎಂಬವನ ಹಿಂದೆ ಎದ್ದರು. ಅವನು ಮರ ಹತ್ತಿ ಆಕಾಶದಿಂದ ಅಪ್ಪಣೆ ಪಡೆಯುತ್ತಿದ್ದನಂತೆ. ಫ್ರೆಂಚರು ಇದಕ್ಕೆ "ಹುಚ್ಚನ ಯುದ್ಧ" ಅಂತ ಹೆಸರಿಟ್ಟರು. ಹುಚ್ಚ ಅಂದರೆ ಆಯಿತು, ತೆರಿಗೆಯ ಮಾತೇ ಎತ್ತಬೇಕಿಲ್ಲ. 1921ರಲ್ಲಿ ಅವನು ಸತ್ತ ಮೇಲೆ ದಂಗೆ ತಣ್ಣಗಾಯಿತು.

ಗಸಗಸೆ ಅಂದೆನಲ್ಲ. ಪಾಲ್ ದೂಮೇರ್ ಗವರ್ನರ್ ಜನರಲ್ ಆಗಿ ಬಂದವನು ಇಂಡೋಚೀನಾಕ್ಕೆಲ್ಲ ಸೇರಿಸಿ ಅಫೀಮನ್ನು ಸರ್ಕಾರದ ಏಕಸ್ವಾಮ್ಯ ಮಾಡಿದ. ಉಪ್ಪು, ಹೆಂಡ, ಅಫೀಮು, ಮೂರೂ ಸರ್ಕಾರದ ವ್ಯಾಪಾರ. ಸೈಗಾನಿನಲ್ಲಿ ಅಫೀಮು ಕುದಿಸುವ ಕಾರ್ಖಾನೆಯೇ ಇತ್ತು. ಅಲ್ಲಿಗೆ ಕಚ್ಚಾ ಮಾಲು ಬರುತ್ತಿದ್ದದ್ದು ಎಲ್ಲಿಂದ ಗೊತ್ತಾ? ಶುರುವಿನಲ್ಲಿ ಬಹುಪಾಲು ನಮ್ಮ ಬನಾರಸ್ ಕಡೆಯಿಂದ. ಬ್ರಿಟಿಷರು ಬೆಳೆಸಿದ್ದನ್ನು ಫ್ರೆಂಚರು ಕೊಂಡು ಮಾರುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಹಡಗು ನಿಂತವು. ಆಗ ಲಾವೋಸಿನ ಮತ್ತು ಉತ್ತರ ವಿಯೆಟ್ನಾಂನ ಟೊಂಕಿನ್‌ನ ಹ್ಮಾಂಗ್ ಬೆಟ್ಟಗಳ ಮೇಲೆ ಕಣ್ಣು ಬಿತ್ತು. ಗಸಗಸೆ ಹೆಚ್ಚು ಬೆಳೆಯಿರಿ ಅಂತ ದುಂಬಾಲು ಬಿದ್ದರು. 1940ರಿಂದ 1944ರ ಒಳಗೆ ಇಂಡೋಚೀನಾದ ಅಫೀಮು ಬೆಳೆ ಎಂಟು ಪಟ್ಟು ಏರಿತು. ಮುಂದೆ ಆ ಬೆಟ್ಟಗಳು ಅಫೀಮಿಗೆ ಕುಖ್ಯಾತ ಆದಾಗ ಎಲ್ಲರೂ ಹ್ಮಾಂಗರನ್ನು ಬೈದರು. ಬೀಜಕ್ಕೆ ಗೊಬ್ಬರ ಹಾಕಿದವರ ಹೆಸರು ಯಾರೂ ಎತ್ತಲಿಲ್ಲ.

ಪ್ರಶ್ನೆಪತ್ರಿಕೆ · ಭಾನುವಾರ ರಾತ್ರಿ 8:45

ಸರಿ ಸರಿ, ಅಫೀಮಿಗೆ ಸಮರ್ಥನೆ ಇಲ್ಲ. ಆದರೆ ಶಾಲೆ? ದೇವಸ್ಥಾನ ಜೀರ್ಣೋದ್ಧಾರ? ವಿಯೆಂಟಿಯಾನಿನ ಥಾಟ್ ಲುವಾಂಗ್ ಸ್ತೂಪ ಇವತ್ತು ಅವರ ರಾಷ್ಟ್ರ ಲಾಂಛನದಲ್ಲಿದೆ. 1930ರ ದಶಕದಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಫ್ರೆಂಚರು.

ಮೆಕಾಂಗ್_ಮೀನು · ಭಾನುವಾರ ರಾತ್ರಿ 9:20

ಅದು ಹೌದು. ಚೆನ್ನಾಗಿ ಮಾಡಿದ್ದಾರೆ. ಪಚ್ಚೆ ಬುದ್ಧ ಇದ್ದ ಹೋ ಫ್ರಾ ಕೇವ್ ಗುಡಿಯನ್ನೂ ಮತ್ತೆ ಕಟ್ಟಿದರು. ಬುದ್ಧ ಮಾತ್ರ ಬ್ಯಾಂಕಾಕಿನಲ್ಲೇ. ನಾನು ಹೋದಾಗ ಒಳಗೆ ಖಾಲಿ ಪೀಠದ ಮುಂದೆ ಒಬ್ಬ ಅಜ್ಜಿ ಕೈಮುಗಿದು ಕೂತಿದ್ದರು.

ಶಾಲೆಯ ವಿಷಯ ಬಿಡಿ ಸಾರ್. ಇಡೀ ದೇಶಕ್ಕೆ ಒಂದು ಪ್ರೌಢಶಾಲೆ, ವಿಯೆಂಟಿಯಾನಿನ ಕಾಲೇಜ್ ಪಾವಿ. ಅದೂ 1921ರಲ್ಲಿ. ಅದು ಮುಗಿಸಿ ಮುಂದೆ ಓದಬೇಕು ಅಂದರೆ ಹನೋಯ್‌ಗೆ ಹೋಗಬೇಕು. ಹೋದವರು ಯಾರು? ರಾಜಮನೆತನದವರು, ದೊಡ್ಡ ಕುಳಗಳು. ಉಳಿದ ಮಕ್ಕಳಿಗೆ ಊರ ದೇವಸ್ಥಾನದ ಭಿಕ್ಷುಗಳೇ ಅಕ್ಷರ ಹೇಳಿಕೊಟ್ಟರು, ಹಿಂದಿನಿಂದಲೂ ಹೇಳಿಕೊಡುತ್ತಿದ್ದ ಹಾಗೆ.

ಫ್ರೆಂಚ್ ಸಾಹೇಬರು ಹೇಳಿಕೊಂಡು ನಗುತ್ತಿದ್ದ ಒಂದು ಮಾತಿದೆ. ವಿಯೆಟ್ನಾಮಿನವನು ಭತ್ತ ನೆಡುತ್ತಾನೆ, ಕಾಂಬೋಡಿಯಾದವನು ಅದು ಬೆಳೆಯುವುದನ್ನು ನೋಡುತ್ತಾನೆ, ಲಾವೊದವನು ಅದು ಬೆಳೆಯುವ ಸದ್ದು ಕೇಳುತ್ತಾನೆ. ಈಗ ಅದನ್ನು ಟೂರಿಸ್ಟ್ ಪುಸ್ತಕಗಳಲ್ಲಿ ಮುದ್ದಾದ ಮಾತು ಅಂತ ಹಾಕುತ್ತಾರೆ. "ನೋಡಿ, ಎಷ್ಟು ಶಾಂತ ಜನ!" ನನಗೆ ಅದು ಓದಿದಾಗೆಲ್ಲ ಮೈ ಉರಿಯುತ್ತದೆ. ಸೋಮಾರಿ ಅನ್ನುವುದನ್ನು ಸಕ್ಕರೆ ಹಾಕಿ ಹೇಳಿದ್ದು ಅದು. ಬೆಟ್ಟದ ರಸ್ತೆ ಕಡಿದವನೂ ಅವನೇ, ಸಾಹೇಬನ ಟ್ರಂಕು ಹೊತ್ತವನೂ ಅವನೇ. ಆ ಕೆಲಸಕ್ಕೆ ಕೂಲಿ ಇಲ್ಲ, ಹಾಗಾಗಿ ಅದು ಲೆಕ್ಕಕ್ಕೂ ಇಲ್ಲ.

ಹಳೇ_ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:50

ಮೀನು ಅವರ ಮಾತಿಗೆ ಒಂದು ಸಾಲು ಸೇರಿಸುತ್ತೇನೆ. ಕಡಿಮೆ ಜನ ಇಟ್ಟು ಆಳಿದರು ಅಂದ ಮಾತ್ರಕ್ಕೆ ಭಾರ ಕಡಿಮೆ ಇತ್ತು ಅಂತಲ್ಲ. ಖರ್ಚಿಲ್ಲದೆ ಆಳಬೇಕಾಗಿತ್ತು, ಆ ಖರ್ಚನ್ನು ಬೇರೆಯವರ ಬೆನ್ನಿನ ಮೇಲೆ ಹೊರಿಸಿದರು. ಭಟ್ಟರ ಗೈಡ್ ಹೇಳಿದ "ಏನೂ ಮಾಡಲಿಲ್ಲ" ಅನ್ನುವುದನ್ನು ನಾನು ಹೀಗೆ ಓದುತ್ತೇನೆ.

ಕೊನೆಯ ಭಾಗ ಬೇಗ ಹೇಳಿಬಿಡುತ್ತೇನೆ, ವಾಕಿಂಗ್‌ಗೆ ಹೊತ್ತಾಯಿತು. ತಮಾಷೆ ಏನೆಂದರೆ, ಲಾವೊ ರಾಷ್ಟ್ರೀಯತೆಗೆ ಮೊದಲು ನೀರೆರೆದವರೂ ಫ್ರೆಂಚರೇ. 1940ರಲ್ಲಿ ಥಾಯ್ಲೆಂಡ್ "ಲಾವೊಗಳೆಲ್ಲ ನಮ್ಮವರೇ" ಅಂತ ಕೂಗಲು ಶುರು ಮಾಡಿತು. ಅಲ್ಲ, ನೀವು ಬೇರೆ ಜನ ಅಂತ ಹೇಳಲು ಫ್ರೆಂಚರು 1941ರಲ್ಲಿ ಲಾವೊ ಞಾಯ್ ಚಳವಳಿ ಹುಟ್ಟುಹಾಕಿದರು. ಪತ್ರಿಕೆ, ಹಾಡು, ನಾಟಕ, ಶಾಲೆ ಎಲ್ಲ ಅವಸರದಲ್ಲಿ. ನಲವತ್ತೇಳು ವರ್ಷ ನಿದ್ದೆ ಮಾಡಿ ನಲವತ್ತೆಂಟನೇ ವರ್ಷ ಎದ್ದರು! ಲಾವೊ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಸುವ ಪ್ರಯತ್ನವೂ ನಡೆಯಿತು. ರಾಜಮನೆತನದ ಫೆತ್ಸರಾತ್ ಅಂಥವರು ಅದಕ್ಕೆ ಒಪ್ಪಲಿಲ್ಲ. ಲಿಪಿ ಉಳಿಯಿತು.

1945ರ ಮಾರ್ಚ್ 9ಕ್ಕೆ ಜಪಾನೀಯರು ಫ್ರೆಂಚರನ್ನು ಕೆಳಗಿಳಿಸಿದರು. ಏಪ್ರಿಲ್ 8ಕ್ಕೆ ರಾಜ ಸಿಸವಾಂಗ್ ವೊಂಗ್ ಜಪಾನೀಯರ ಒತ್ತಾಯಕ್ಕೆ ಸ್ವಾತಂತ್ರ್ಯ ಘೋಷಿಸಿದ. ಜಪಾನ್ ಸೋತ ಮೇಲೆ ಮತ್ತೆ ಫ್ರೆಂಚರೇ ಬರಲಿ ಅಂದ. ಫೆತ್ಸರಾತ್ ಒಪ್ಪಲಿಲ್ಲ. ಅಕ್ಟೋಬರ್ 12ಕ್ಕೆ ವಿಯೆಂಟಿಯಾನಿನಲ್ಲಿ ಲಾವೊ ಇಸ್ಸರ, ಅಂದರೆ ಸ್ವತಂತ್ರ ಲಾವೊ ಸರ್ಕಾರ ಬಂತು. 1946ರ ಮಾರ್ಚ್‌ನಲ್ಲಿ ಫ್ರೆಂಚರು ಥಾಖೆಕ್ ಮೇಲೆ ಬಿದ್ದರು. ಊರಿನ ಮೇಲೆ ವಿಮಾನದಿಂದ ಗುಂಡು ಸುರಿಸಿದರು. ನದಿ ದಾಟಿ ಥಾಯ್ ದಡಕ್ಕೆ ಓಡುತ್ತಿದ್ದ ದೋಣಿಗಳನ್ನೂ ಬಿಡಲಿಲ್ಲ. ಲಾವೊ ಇಸ್ಸರದವರು ಬ್ಯಾಂಕಾಕ್ ಸೇರಿದರು. 1949ರಲ್ಲಿ ಅರೆಬರೆ ಸ್ವಾತಂತ್ರ್ಯ, 1953ರ ಅಕ್ಟೋಬರ್ 22ಕ್ಕೆ ಪೂರ್ತಿ.

ಫೆತ್ಸರಾತ್‌ನ ಇಬ್ಬರು ತಮ್ಮಂದಿರು ಸುವನ್ನ ಫೂಮ ಮತ್ತು ಸುಫನುವೊಂಗ್. ಇಬ್ಬರೂ ಫ್ರಾನ್ಸಿನಲ್ಲಿ ಎಂಜಿನಿಯರಿಂಗ್ ಓದಿದವರು. ಮುಂದೆ ಒಬ್ಬ ಪ್ರಧಾನಿಯಾದ, ಇನ್ನೊಬ್ಬ ಕಮ್ಯುನಿಸ್ಟರ ಜೊತೆ ಸೇರಿ ಅವನ ಎದುರು ನಿಂತ. ಬೆಟ್ಟದ ಕೊಮ್ಮದಾಮ್ ನೆನಪಿದೆಯಲ್ಲ, ಅವನ ಮಗ ಸಿಥೋನ್ ಫ್ರೆಂಚರ ಸೆರೆಯಿಂದ ಹೊರಬಂದು ಈ ಕಮ್ಯುನಿಸ್ಟ್ ರಾಜಕುಮಾರನ ಕಡೆ ಹೋದ.

ಅಂಕಿಅಂಶ · ಸೋಮವಾರ ಬೆಳಿಗ್ಗೆ 9:05

ಇಂಡೋಚೀನಾದ ಯುದ್ಧ ನಿಲ್ಲಿಸಿದ 1954ರ ಜಿನೀವಾ ಒಪ್ಪಂದದ ಮೇಲ್ವಿಚಾರಣೆಗೆ ಲಾವೋಸಿಗೆ ಹೋದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷತೆ ಭಾರತದ್ದು. ಜೊತೆಗೆ ಕೆನಡಾ, ಪೋಲೆಂಡ್. ನಮ್ಮ ಸೈನ್ಯದವರು ಅಲ್ಲಿ ವರ್ಷಗಟ್ಟಲೆ ಇದ್ದರು. ಇಲ್ಲಿ ಯಾರ ಮನೆಯಲ್ಲಾದರೂ ಹಾಗೆ ಹೋಗಿಬಂದ ಹಿರಿಯರ ಫೋಟೋ, ಕಾಗದ ಇದ್ದರೆ ಹೇಳಿ, ಬೇರೆ ಎಳೆ ಶುರು ಮಾಡೋಣ.

ಪ್ರಶ್ನೆಪತ್ರಿಕೆ · ಸೋಮವಾರ ಬೆಳಿಗ್ಗೆ 9:40

ನನ್ನ ವಾದ ಪೂರ್ತಿ ಬಿಟ್ಟಿಲ್ಲ. ಭೂಪಟದಲ್ಲಿ ಲಾವೋಸ್ ಇರುವುದು ಫ್ರೆಂಚರು ಎಳೆದ ಗೆರೆಯಿಂದಲೇ. ಆದರೆ ಥಾಖೆಕ್ ವಿಷಯ ನನಗೆ ಗೊತ್ತಿರಲಿಲ್ಲ. ಓದುತ್ತೇನೆ.

ಬ್ಯಾಗ್‌ಹೊತ್ತ_ಭಟ್ಟ · ಸೋಮವಾರ ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ಥಾಖೆಕ್‌ನಲ್ಲಿ ನಾನು ಒಂದು ರಾತ್ರಿ ತಂಗಿದ್ದೆ! ನದಿ ಕಟ್ಟೆ ಮೇಲೆ ಕೂತು ಮೀನು ಸುಟ್ಟು ತಿಂದು, ಎದುರು ದಡದ ಥಾಯ್ ದೀಪಗಳ ಫೋಟೋ ತೆಗೆದು ಮಲಗಿದೆ. ಏನೂ ಗೊತ್ತಾಗಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿಯಿತು. ಬ್ರೆಡ್ಡಿಗೆ ಖಾವೋ ಜೀ ಅಂತಾರಲ್ಲ, ಅದು ಫ್ರೆಂಚ್ ಪದವಾ?

ಮೆಕಾಂಗ್_ಮೀನು · ಸೋಮವಾರ ರಾತ್ರಿ 9:52

ಅಲ್ಲ. ಖಾವೋ ಅಂದರೆ ಅನ್ನ, ಜೀ ಅಂದರೆ ಕೆಂಡದ ಮೇಲೆ ಸುಟ್ಟದ್ದು. ಅಂಟಕ್ಕಿ ಅನ್ನದ ಉಂಡೆಗೆ ಮೊಟ್ಟೆ ಸವರಿ, ಕೋಲಿಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಅದೇ ಮೂಲ ಖಾವೋ ಜೀ. ಫ್ರೆಂಚರ ಬ್ರೆಡ್ಡು ಬಂದಾಗ ಅದಕ್ಕೂ ಆ ಹೆಸರೇ ಅಂಟಿಕೊಂಡಿತು. ಚಳಿಗಾಲದ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಕೇಳಿ, ಎರಡೂ ಸಿಗುತ್ತದೆ. ಅನ್ನದ್ದು ಬೇಕು ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ನಿಮ್ಮ ಮುಖ ನೋಡಿ ಬ್ರೆಡ್ಡು ಕೊಟ್ಟುಬಿಡುತ್ತಾರೆ.